ಗೋಡೆಗೆ ಮುಖ ಮಾಡಿ ನಿಂತವರು

ಹೊಟ್ಟೆಯ ಕ್ಯಾನ್ಸರ್ ಎಂದು ತಿಳಿದ ಮೇಲೆ ತಂಗಿಯನ್ನು ನೋವಿಗಿಂತ ಹೆಚ್ಚಾಗಿ ತಿನ್ನುತ್ತಿದ್ದುದು ಭಯ. ದೀಪ ಆರಿಸಗೊಡುತ್ತಿರಲಿಲ್ಲ. ಅಕ್ಕ ಸ್ನಾನಕ್ಕೆ ಹೋದರೂ ಬಚ್ಚಲ ಬಾಗಿಲಿಗೆ ಒರಗಿ ನಿಂತು ಮಾತಾಡಿಸುತ್ತಿದ್ದಳು.

ಆಸ್ಪತ್ರೆಯಲ್ಲಿ ಹೊಸ ಚಿಕಿತ್ಸೆಯೊಂದರ ಪ್ರಯೋಗ ನಡೆದಿತ್ತು. ಒಂದು ಜಾತಿಯ ಅಣಬೆಯ ಸತ್ವದಿಂದ ಮಾಡಿದ ಗುಳಿಗೆ. ನುಂಗಿದರೆ ಕೆಲವು ಗಂಟೆ ಇಲ್ಲದ್ದೆಲ್ಲ ಕಾಣುತ್ತದೆ. ಅದು ಇಳಿದಾಗ ಹಲವರಿಗೆ ಸಾವಿನ ಭಯವೂ ಇಳಿದಿರುತ್ತದೆ, ಕೆಲವರಿಗೆ ಹೊಸ ಭಯ ಅಂಟಿಕೊಳ್ಳುವುದೂ ಉಂಟು. ಡಾಕ್ಟರು ಎರಡನ್ನೂ ಮುಚ್ಚಿಡದೆ ಹೇಳಿದರು.

"ಇದ್ದದ್ದನ್ನೇ ಜೀವಮಾನವೆಲ್ಲ ನೆಟ್ಟಗೆ ನೋಡ್ಲಿಲ್ಲ, ಇನ್ನು ಇಲ್ಲದ್ದನ್ನ ನೋಡ್ಬೇಕಂತೆ ನಾನು," ಎಂದಳು ತಂಗಿ. ಆದರೂ ಒಪ್ಪಿದಳು.

ಕೋಣೆಯನ್ನು ಮನೆಯಂತೆ ಅಣಿಮಾಡಿದ್ದರು. ಕಿಟಕಿಗೆ ದಪ್ಪ ಪರದೆ, ಮಂಚದ ಮೇಲೆ ಮೆತ್ತನೆಯ ಹೊದಿಕೆ, ಎಲ್ಲಿಂದಲೋ ಮೆಲುದನಿಯ ಸಂಗೀತ. ಜೊತೆಗೆ ಕೂರಲು ಬಂದ ಅಕ್ಕನಿಗೆ ದಾದಿ ಒಂದೇ ಷರತ್ತು ಹಾಕಿದಳು.

"ಕೈ ಹಿಡ್ಕೊಳ್ಳಿ, 'ನಾನಿದ್ದೀನಿ' ಅನ್ನಿ, ಅಷ್ಟೇ. ಏನನ್ನೂ ಕೇಳ್ಬೇಡಿ ಅಮ್ಮ. ಈ ಹೊತ್ತಲ್ಲಿ ಮನಸ್ಸು ಹಸಿ ಗೋಡೆ ಇದ್ದ ಹಾಗೆ. ಕೈಯಿಟ್ಟರೆ ಗುರುತು ಉಳಿದುಬಿಡುತ್ತೆ."

ಗುಳಿಗೆ ನುಂಗಿ, ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದ ತಂಗಿ ಬಹಳ ಹೊತ್ತಿನ ಮೇಲೆ ನಕ್ಕಳು. "ಉಪ್ಪು ನೀರಲ್ಲಿ ಕರಗಿದ ಹಾಗೆ ಕರಗ್ತಾ ಇದ್ದೀನಿ ಕಣೆ. ಹೆದರಿಕೇನೇ ಆಗ್ತಿಲ್ಲ."

"ನಾನಿದ್ದೀನಿ," ಎಂದಳು ಅಕ್ಕ.

"ಅಯ್ಯೋ, ಭಾವ ಬಂದಿದ್ದಾರೆ."

ಅಕ್ಕ ಮುಂದಕ್ಕೆ ಬಾಗಿದಳು. ಅವಳ ಗಂಡ ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸದವನು. ಹೋದ ವರ್ಷ ಅಂಟಿನ ಬಟ್ಟಲ ಮುಂದೆ ಕೂತಿದ್ದವನು ಹಾಗೇ ಮೇಜಿನ ಮೇಲೆ ಒರಗಿ ಪ್ರಾಣ ಬಿಟ್ಟಿದ್ದ. ಒಂದು ಮಾತಿಲ್ಲ. ಕನಸಿನಲ್ಲಾದರೂ ಒಂದು ಮಾತು ಆಡಿಸು ಎಂದು ಅವಳು ದಿನವೂ ದೇವರನ್ನು ಬೇಡುತ್ತಿದ್ದಳು.

"ಏನಂತಾರೆ?" ಎಂದುಬಿಟ್ಟಳು.

ದಾದಿ ತಟ್ಟನೆ ಬೆರಳೆತ್ತಿದಳು.

"ಏನೂ ಅನ್ನಲ್ಲ. ಗೋಡೆಗೆ ಮುಖ ಮಾಡಿ ನಿಂತಿದ್ದಾರೆ," ಎಂದಳು ತಂಗಿ.

"ಕರಿಯೇ! ನಾನು ಇಲ್ಲೇ ಇದ್ದೀನಿ ಅನ್ನು. ತಿರುಗೋಕೆ ಹೇಳೇ!"

ದಾದಿ ಅವಳ ಭುಜ ಹಿಡಿದು ಹೊರಗೆ ಕಳಿಸಿದಳು.

ಮನೆಗೆ ಬಂದ ತಂಗಿ ಹೊಟ್ಟೆತುಂಬ ಉಂಡಳು. ತಾನೇ ದೀಪ ಆರಿಸಿ ನಿದ್ದೆಹೋದಳು. ಅಕ್ಕ ದೇವರಿಗೆ ಕೈಮುಗಿದಳು. ಬೆಳಗ್ಗೆ ಹಾಸಿಗೆ ಮಡಿಸುವಾಗ ತಂಗಿ ಹಗುರವಾಗಿ ಅಂದಳು: "ಭಾವ ಇಲ್ಲಿಗೂ ಬಂದಿದ್ದಾರಲ್ಲ. ಬೀರು ಪಕ್ಕ, ಗೋಡೆ ನೋಡ್ತಾ. ಬದುಕಿದ್ದಾಗ್ಲೂ ಹೀಗೇ ಅಲ್ವಾ, ಮನೆಗೆ ಯಾರಾದ್ರೂ ಬಂದ್ರೆ ಬೆನ್ನು ತೋರಿಸಿ ಕೂತುಬಿಡೋರು."

ಅಕ್ಕನಿಗೆ ಅಲ್ಲಿ ಬರಿಯ ಗೋಡೆ. ಆದರೂ ಅಂದಿನಿಂದ ಆ ಜಾಗ ಬಿಟ್ಟು ಸುತ್ತ ಕಸ ಗುಡಿಸಿದಳು. ದಿನವೂ ಕೇಳಿದಳು: "ತಿರುಗಿದ್ರಾ?"

"ಇಲ್ಲ."

"ಇವತ್ತು?"

"ಒಂಚೂರು ಭುಜ ಅಲ್ಲಾಡ್ತು."

ಕೇಳಿದಷ್ಟೂ ತಂಗಿ ಬೀರುವಿನ ಕಡೆ ನೋಡುವುದು ಹೆಚ್ಚಾಯಿತು. ಮೊದಲು ನಗು ನಿಂತಿತು, ಆಮೇಲೆ ನಿದ್ದೆ. "ನಾನು ಕಣ್ಣು ಮುಚ್ಚಿದಾಗ ತಿರುಗ್ತಾರೆ ಅನ್ಸುತ್ತೆ," ಎಂದಳು. "ತಿರುಗಿದಾಗ ಅದು ಭಾವನ ಮುಖ ಅಲ್ಲದಿದ್ರೆ?" ದೀಪ ಮತ್ತೆ ಆರದೆ ಉರಿಯತೊಡಗಿತು.

"ಔಷಧ ಎಂದೋ ಇಳಿದಿದೆ," ಎಂದರು ಡಾಕ್ಟರು. "ಹೀಗೆ ಉಳಿಯೋದು ಅಪರೂಪ. ನೀವು ಕೇಳ್ತೀರಿ, ಅವರು ಹುಡುಕ್ತಾರೆ. ಕೇಳೋದು ಬಿಟ್ಟು ನೋಡಿ, ಮಾಸಬಹುದು. ಇನ್ನೊಂದು ಗುಳಿಗೆ ಮಾತ್ರ ಕೊಡಲಾರೆ."

ಆ ಸಂಜೆ ಅಕ್ಕ ದೇವರ ಮುಂದೆ ಕೂತಳು. ಗಂಡನ ಮಾತನ್ನು ಬೇಡಲಿಲ್ಲ. ಎದ್ದು ಬಂದು ಬೀರುವಿನ ಎದುರು ನಿಂತಳು.

"ನೋಡಿ, ಕರೆದೋಳು ನಾನೇ. ಹೊರಡಿ ಅನ್ನೋಳೂ ನಾನೇ. ಇವಳು ನೆಮ್ಮದಿಯಾಗಿ ಹೋಗಬೇಕು. ಇವಳನ್ನ ಬಿಟ್ಟುಬಿಡಿ."

ಹೇಳಿ ಮಂಚದ ಅಂಚಿಗೆ ಬಂದು ಕೂತಳು. ತಂಗಿಯ ಕಣ್ಣು ಮೆಲ್ಲಗೆ ಬೀರುವಿನಿಂದ ಕದಲಿತು. ನಡೆಯುವವರನ್ನು ಹಿಂಬಾಲಿಸುವಂತೆ ಗೋಡೆಯುದ್ದಕ್ಕೂ ಸರಿಯಿತು, ಕಿಟಕಿಯನ್ನು ದಾಟಿತು, ಬಾಗಿಲನ್ನೂ ದಾಟಿತು. ಸುತ್ತಿ ಬಂದು ಅಕ್ಕನ ಎಡಭುಜದ ಹಿಂದೆ ನಿಂತಿತು.

ಹಸಿ ಅಂಟಿನ ವಾಸನೆ ಬಂದಂತಾಯಿತು.

"ಅಕ್ಕ, ಈಗ ಅವರು..."

'ತಿರುಗಿದ್ರಾ?' ಎಂಬ ಮಾತು ಅಕ್ಕನ ನಾಲಗೆಯ ತುದಿಗೆ ಬಂತು. ಅದನ್ನು ನುಂಗಿಕೊಂಡು ತಂಗಿಯ ಕೈ ಹಿಡಿದಳು.

"ನಾನಿದ್ದೀನಿ," ಎಂದು ದೀಪ ಆರಿಸಿದಳು.

ತಂಗಿಯ ಉಸಿರು ಒಂದಷ್ಟು ಹೊತ್ತು ತಡವರಿಸಿತು, ಆಮೇಲೆ ನಿಧಾನವಾಯಿತು. ಕೈ ಸಡಿಲವಾಯಿತು. ನಿದ್ದೆ ಹತ್ತಿತ್ತು. ಅಕ್ಕ ಕತ್ತು ತಿರುಗಿಸದೆ ಹಾಗೇ ಕೂತಿದ್ದಳು.