ಹೊಡೆಯದ ಠಸ್ಸೆ

ಕುರುಗೋಡಿನ ಕಮ್ಮಾರ ದುರುಗಪ್ಪನ ಮನೆಯಲ್ಲಿ ಅಜ್ಜನ ಕಾಲದಿಂದ ಒಂದು ಕಟ್ಟಳೆ ಇತ್ತು. ಅಲಗು ಇರುವ ಸಾಮಾನು ಯಾವುದೇ ಆಗಲಿ, ಠಸ್ಸೆ ಬೀಳದೆ ಕುಲುಮೆಯ ಹೊಸ್ತಿಲು ದಾಟುವಂತಿರಲಿಲ್ಲ. ಠಸ್ಸೆ ಅಂದರೆ ಬೆರಳುದ್ದದ ಒಂದು ಉಕ್ಕಿನ ತುಂಡು. ಅದರ ತುದಿಯಲ್ಲಿ ಎತ್ತಿನ ಎರಡು ಕೊಂಬು, ನಡುವೆ ಒಂದು ಚುಕ್ಕೆ ಕೊರೆದಿತ್ತು. ಕಾದ ಅಲಗಿನ ಮೇಲೆ ಅದನ್ನಿಟ್ಟು ಸುತ್ತಿಗೆಯಿಂದ ಒಂದು ಏಟು ಹಾಕಿದರೆ ಗುರುತು ಕೂತುಬಿಡುತ್ತಿತ್ತು. ಎಂದೋ ಎಡಗೊಂಬಿನ ತುದಿ ಮುಕ್ಕಾಗಿ ಬಲಗೊಂಬಿಗಿಂತ ಎಳ್ಳಿನಷ್ಟು ಗಿಡ್ಡವಾಗಿತ್ತು. ಸುತ್ತಲಿನ ಹಳ್ಳಿಯವರು ಕುಡುಗೋಲು ಕೊಳ್ಳುವಾಗ ಹಿಡಿಯ ಪಕ್ಕದಲ್ಲಿ ಬೆರಳಾಡಿಸಿ ಆ ಗಿಡ್ಡ ಕೊಂಬನ್ನೇ ಹುಡುಕುತ್ತಿದ್ದರು. ಅಲಗು ಏನು ಮಾಡಿದರೂ ಅದಕ್ಕೆ ಜವಾಬು ಹೇಳಲು ಒಂದು ಮನೆ ಇರಬೇಕು ಎಂದು ದುರುಗಪ್ಪನ ಅಪ್ಪ ಹೇಳುತ್ತಿದ್ದ.

ನಲವತ್ತೆಂಟರ ಬೇಸಿಗೆಯಲ್ಲಿ ದುರುಗಪ್ಪ ಆ ಕಟ್ಟಳೆ ಮುರಿದ.

ಯುದ್ಧ ಮುಗಿದು ಮೂರು ವರ್ಷವಾಗಿದ್ದರೂ ಕಬ್ಬಿಣಕ್ಕೆ ಕಂಟ್ರೋಲು ಇನ್ನೂ ಇತ್ತು. ಸವೆದ ಗಾಲಿ ಪಟ್ಟಿ, ಒಡೆದ ಬಾವಿ ಗಡಗಡೆ, ತುಕ್ಕು ಹಿಡಿದ ಬಾಗಿಲ ಚಿಲಕ, ಸಿಕ್ಕಿದ್ದನ್ನೇ ಕಾಯಿಸಿ ಬಡಿಯುತ್ತ ಅವನ ಕೈಗೆ ಬೇಸರ ಬಂದಿತ್ತು. ಅಂಥ ಹೊತ್ತಿನಲ್ಲಿ ಸಿರುಗುಪ್ಪದ ಕಡೆಯ ಕಾಳಿನ ದಲ್ಲಾಳಿ ತಿಪ್ಪೇರುದ್ರ ಬಂಡಿ ಹೊಡೆದುಕೊಂಡು ಬಂದು, ಜೋಳದ ಸೊಪ್ಪೆಯ ಕೆಳಗಿಂದ ಮಿಲಿಟರಿ ಲಾರಿಯ ಕಮಾನು ಪಟ್ಟಿಗಳನ್ನು ತೆಗೆದು ಕುಲುಮೆಯ ಮುಂದೆ ಹಾಕಿದ. ಮೊಳದುದ್ದದ ಹನ್ನೊಂದು ಮಚ್ಚು ಬೇಕು, ಉಳಿದ ಉಕ್ಕೆಲ್ಲ ನಿನಗೇ ಎಂದ. ಒಂದೇ ಒಂದು ಮಾತು, ಠಸ್ಸೆ ಹೊಡೆಯಬಾರದು. ಯಾತಕ್ಕೆ ಎಂದು ಕೇಳಿದ್ದಕ್ಕೆ ಹೊಳೆ ದಂಡೆಯ ಜಾಲಿ ಕಡಿಯಲು ಎಂದ. ಜಾಲಿ ಕಡಿಯುವ ಮಚ್ಚಿಗೆ ಯಾರ ಮನೆಯದೆಂಬ ಗುರುತು ಏಕೆ ಬೇಡ ಎಂಬ ಪ್ರಶ್ನೆ ದುರುಗಪ್ಪನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅಷ್ಟರಲ್ಲಿ ಅವನು ಪಟ್ಟಿಯನ್ನು ಉಗುರಿನಿಂದ ಬಾರಿಸಿ ಅದರ ನಾದ ಕೇಳುತ್ತಿದ್ದ. ಐದಾರು ವರ್ಷದಿಂದ ಅಂಥ ನಾದ ಕೇಳಿರಲಿಲ್ಲ.

ಹೊಳೆಯ ಆಚೆ ದಂಡೆ ಆಗ ನಿಜಾಮನ ಸೀಮೆ. ಆ ಕಡೆಯಿಂದ ಗಂಟುಮೂಟೆ ಕಟ್ಟಿಕೊಂಡು ಜನ ಓಡಿ ಬರುತ್ತಿದ್ದರು. ಈ ಕಡೆಯಿಂದ ಕಂಟ್ರೋಲಿನ ಕಾಳು ಕದ್ದು ಹೋಗುತ್ತಿತ್ತು. ತಿಪ್ಪೇರುದ್ರ ಏನು ಮಾಡುತ್ತಾನೆಂಬುದು ಯಾರಿಗೂ ಗೊತ್ತಿಲ್ಲದ ಸಂಗತಿಯಾಗಿರಲಿಲ್ಲ.

ತಿದಿ ಊದುತ್ತಿದ್ದ ಹೆಂಡತಿ ಹಂಪಮ್ಮ, ಮೊದಲ ಮಚ್ಚು ಹದಕ್ಕೆ ಬಂದಾಗ ರೂಢಿಯಂತೆ ಠಸ್ಸೆ ಎತ್ತಿ ಕೊಟ್ಟಳು. ದುರುಗಪ್ಪ ತಲೆ ಅಲ್ಲಾಡಿಸಿದ. ಅವಳು ಚಾಚಿದ ಕೈಯನ್ನು ಹಿಂದಕ್ಕೆ ತೆಗೆಯಲಿಲ್ಲ.

"ಠಸ್ಸಿ ಇಲ್ಲದ ಅಲಗು ಅಂದ್ರ ಹೆಸರಿಡದ ಕೂಸು ಇದ್ದಂಗ," ಎಂದಳು. "ಯಾರು ಕರದ್ರ ಅವರ ಹಿಂದ ಹೋಗತೈತಿ."

ಅವನು ಅಲಗನ್ನು ನೀರಿಗಿಳಿಸಿದ. ಒಂಬತ್ತು ದಿನದಲ್ಲಿ ಹನ್ನೊಂದೂ ಮುಗಿದವು. ಅಷ್ಟು ಒಳ್ಳೆಯ ಕೆಲಸ ಅವನ ಕೈಯಿಂದ ಅದುವರೆಗೆ ಬಂದಿರಲಿಲ್ಲ. ತಿಪ್ಪೇರುದ್ರ ಬಂದು ಅವನ್ನು ಗೋಣಿಯಲ್ಲಿ ಸುತ್ತಿಕೊಂಡು ಹೋದ.

ಉಳಿದ ಉಕ್ಕಿನಲ್ಲಿ ದುರುಗಪ್ಪ ಕುಡುಗೋಲು ಮಾಡಲು ಕುಳಿತ. ಮೊದಲನೆಯದಕ್ಕೆ ಠಸ್ಸೆ ಇಟ್ಟು ಏಟು ಹಾಕಿದ. ಕೆಂಪಗೆ ಕಾದ ಉಕ್ಕಿನ ಮೇಲೆ ಕೊಂಬುಗಳೂ ಚುಕ್ಕೆಯೂ ಚೆನ್ನಾಗಿಯೇ ಕೂತವು. ನೀರಿಗೆ ಅದ್ದಿ ಎತ್ತಿ ನೋಡಿದರೆ ಅಲಗು ನುಣ್ಣಗಿತ್ತು. ಏಟು ಹಗುರಾಯಿತೇನೋ ಎಂದು ಮತ್ತೆ ಕಾಯಿಸಿ ಜೋರಾಗಿ ಹೊಡೆದ. ನೀರಿನಿಂದ ಎತ್ತಿದಾಗ ಮತ್ತೆ ನುಣ್ಣಗೆ. ಠಸ್ಸೆಯೇ ಸವೆಯಿತೋ ಎಂದು ಹಸಿ ಮಣ್ಣಿನ ಮೇಲೆ ಒತ್ತಿ ನೋಡಿದ. ಮಣ್ಣಿನಲ್ಲಿ ಗಿಡ್ಡ ಕೊಂಬಿನ ಸಮೇತ ಗುರುತು ಸರಿಯಾಗಿ ಮೂಡಿತು. ಆ ದಿನ ಅವನು ಏಳು ಕುಡುಗೋಲು ಮಾಡಿದ. ಏಳರಲ್ಲಿ ಒಂದರ ಮೇಲೂ ಗುರುತು ಉಳಿಯಲಿಲ್ಲ. ಹಂಪಮ್ಮ ನೀರಿನ ಬಾನಿಯನ್ನು ಚೆಲ್ಲಿ, ಬೇರೆ ಬಾವಿಯಿಂದ ನೀರು ತಂದು ತುಂಬಿಸಿದಳು. ಅದರಿಂದಲೂ ಏನೂ ಆಗಲಿಲ್ಲ.

ವಾರ ಕಳೆದ ಮೇಲೆ ಬಾದನಹಟ್ಟಿಯಿಂದ ಚನ್ನವೀರಮ್ಮ ಎಂಬ ರೈತರ ಹೆಣ್ಣುಮಗಳು ತನ್ನ ಹಳೇ ಕುಡುಗೋಲು ಹಿಡಿದು ಬಂದಳು. ದುರುಗಪ್ಪನ ಅಪ್ಪ ಅವಳ ಅತ್ತೆಗೆ ಮಾಡಿಕೊಟ್ಟಿದ್ದ ಕುಡುಗೋಲು ಅದು. ಮೂವತ್ತು ವರ್ಷ ಮಾಸದಿದ್ದ ಗುರುತು ಮೊನ್ನೆಯಿಂದ ಕಾಣುತ್ತಿಲ್ಲ, ಯಾರೋ ಬದಲಿ ಮಾಡಿರಬೇಕೆಂದು ಆಳುಗಳ ಮೇಲೆ ಅನುಮಾನ ಪಟ್ಟೆ, ಆದರೆ ಹಿಡಿಯ ಮೇಲಿನ ಸುಟ್ಟ ಕಲೆ ನೋಡಿದರೆ ಇದು ನನ್ನದೇ ಎಂದಳು. ದುರುಗಪ್ಪ ಬೆರಳಾಡಿಸಿ ನೋಡಿದ. ಅಪ್ಪನ ಹದವನ್ನು ಅವನ ಬೆರಳು ಗುರುತಿಸಿತು. ಗುರುತು ಇರಬೇಕಾದ ಜಾಗ ಮಾತ್ರ ಎಂದೂ ಏನನ್ನೂ ಹೊಡೆಯದ ಹಾಗೆ ಇತ್ತು. ಮರುದಿನ ಇಬ್ಬರು ಬಂದರು, ಅದರ ಮರುದಿನ ಐದು ಜನ. ಕೊಡಲಿ, ಈಳಿಗೆ, ಕುರಿ ಉಣ್ಣೆಯ ಕತ್ತರಿ, ಯಾವುದರಲ್ಲೂ ಗುರುತು ಇರಲಿಲ್ಲ. ಯಾರೂ ಜಗಳ ತೆಗೆಯಲಿಲ್ಲ. ಎಲ್ಲರೂ ತಂದು ತೋರಿಸಿ, ಅವನ ಮುಖ ನೋಡಿ, ಮತ್ತೇನೂ ಕೇಳದೆ ಹೋಗುತ್ತಿದ್ದರು.

ಆ ವಾರವೇ ಪೊಲೀಸಿನವನು ಬಂದು ದುರುಗಪ್ಪನನ್ನು ಬಳ್ಳಾರಿಗೆ ಕರೆದೊಯ್ದ. ಕೆಂಚನಗುಡ್ಡದ ಹತ್ತಿರ ಹೊಳೆಯಲ್ಲಿ ಹರಿಗೋಲು ನಡೆಸುತ್ತಿದ್ದ ಜೋಗಪ್ಪನೆಂಬ ಅಂಬಿಗನ ಕೊಲೆಯಾಗಿತ್ತು. ಕಳ್ಳಕಾಳು ಸಾಗಿಸಲು ಅವನು ಒಪ್ಪಿರಲಿಲ್ಲ. ಆ ಸುದ್ದಿಯನ್ನು ಅಧಿಕಾರಿಗಳಿಗೂ ತಿಳಿಸಿದ್ದ. ಹೆಣ ಸಿಕ್ಕಿರಲಿಲ್ಲ, ಮಚ್ಚು ಸಿಕ್ಕಿತ್ತು. ಮ್ಯಾಜಿಸ್ಟ್ರೇಟರ ಕಚೇರಿಯಲ್ಲಿ ಗುಮಾಸ್ತ ವಾಸುದೇವರಾಯರು ಒಂದು ಬಿಳಿ ಬಟ್ಟೆ ಬಿಚ್ಚಿ ಮೇಜಿನ ಮೇಲೆ ಹರಡಿದರು. ಹಣೆಯ ಅಂಗಾರ ಅಕ್ಷತೆಯ ಕೆಳಗೆ ದಪ್ಪ ಕನ್ನಡಕದ ಆ ಮನುಷ್ಯ ಅದನ್ನು ಮುಟ್ಟಲು ಇಷ್ಟವಿಲ್ಲದೆ ಲೇಖನಿಯ ತುದಿಯಿಂದಲೇ ತೋರಿಸಿದರು.

ದುರುಗಪ್ಪ ನೋಡಿದ. ಅವನೇ ಮಾಡಿದ ಮಚ್ಚು, ಹನ್ನೊಂದರಲ್ಲಿ ಒಂದು. ಹಿಡಿಯ ಪಕ್ಕದಲ್ಲಿ ಎರಡು ಕೊಂಬು, ನಡುವೆ ಚುಕ್ಕೆ, ಎಡಗೊಂಬು ಗಿಡ್ಡ. ಅಷ್ಟು ಆಳವಾದ, ಅಷ್ಟು ಚೊಕ್ಕ ಗುರುತನ್ನು ಅವನ ಕೈ ಎಂದೂ ಹೊಡೆದಿರಲಿಲ್ಲ.

ಇದು ನಿನ್ನ ಗುರುತೇ ಎಂದು ರಾಯರು ಕೇಳಿದರು. ಹೌದೆಂದರೆ ಯಾರಿಗೆ ಮಾಡಿಕೊಟ್ಟೆ ಎಂದು ಹೇಳಬೇಕಾಗುತ್ತದೆ. ತಾನು ಹೊಡೆದಿಲ್ಲವೆಂಬುದಂತೂ ನಿಜವೇ. ಯಾರೋ ನಕಲು ಮಾಡಿದ್ದಾರೆ, ಈ ಮಚ್ಚು ನನ್ನದಲ್ಲ ಎಂದು ದುರುಗಪ್ಪ ಹೇಳಿದ. ರಾಯರು ಬರೆದುಕೊಂಡು ಹೆಬ್ಬೆರಳು ಒತ್ತಿಸಿಕೊಂಡರು. ಮಸಿ ಹತ್ತಿದ ಬೆರಳನ್ನು ಕಾಗದದಿಂದ ಎತ್ತಿದಾಗ ಕಾಗದದ ಮೇಲೆ ಬರೀ ಒಂದು ಕರಿ ಮಚ್ಚೆ ಇತ್ತು, ಒಂದು ಗೆರೆಯೂ ಇರಲಿಲ್ಲ. ರಾಯರು ಇನ್ನೊಮ್ಮೆ ಒತ್ತಿಸಿದರು, ಎಡಗೈಯದನ್ನೂ ಒತ್ತಿಸಿದರು. ಕಡೆಗೆ, ಬೆಂಕಿಯ ಮುಂದೆ ಕೆಲಸ ಮಾಡುವವರ ಬೆರಳು ಹೀಗೇ ಸವೆದಿರುತ್ತವೆ ಎಂದು ತಮಗೆ ತಾವೇ ಹೇಳಿಕೊಂಡು ಕಡತ ಮುಚ್ಚಿದರು. ದುರುಗಪ್ಪ ಬಸ್ಸಿನಲ್ಲಿ ಕೂತು ಬಿಸಿಲಿಗೆ ಹಿಡಿದು ತನ್ನ ಬೆರಳುಗಳನ್ನು ನೋಡಿದ. ಹತ್ತೂ ಬೆರಳಿನ ತುದಿ ಹದ ಹಾಕಿದ ಅಲಗಿನ ಹಾಗೆ ನುಣ್ಣಗಿದ್ದವು.

ಅವನು ಕುರುಗೋಡಿನಲ್ಲಿ ಇಳಿದದ್ದು ಸಂಜೆ. ಹಂಪಮ್ಮನಿಗೆ ನಡೆದದ್ದನ್ನೆಲ್ಲ ಹೇಳಿ ಕೈ ತೋರಿಸಿದ. ಅವಳು ಆ ಬೆರಳುಗಳನ್ನು ಬಹಳ ಹೊತ್ತು ಸವರಿದಳು. ಆಮೇಲೆ, ಸತ್ತವನ ಮನೆಗೆ ಹೋಗಿ ಬಾ, ಅಲ್ಲಿಗೆ ಹೋಗದೆ ಈ ಮನೆಯಲ್ಲಿ ಬೆಂಕಿ ಹಚ್ಚಬೇಡ ಎಂದಳು. ಅವನು ಮರುದಿನವೇ ಸಿರುಗುಪ್ಪಕ್ಕೆ ಹೋಗಿ, ಅಲ್ಲಿಂದ ಕೆಂಚನಗುಡ್ಡಕ್ಕೆ ನಡೆದ.

ಜೋಗಪ್ಪನ ಹೆಂಡತಿ ಸುಂಕಮ್ಮ ಗುಡಿಸಲ ಮುಂದೆ ಮಗುಚಿ ಹಾಕಿದ್ದ ಹರಿಗೋಲಿನ ಚರ್ಮಕ್ಕೆ ಎಣ್ಣೆ ಸವರುತ್ತಿದ್ದಳು. ಚರ್ಮದಲ್ಲಿ ಗೇಣುದ್ದ ಹರಿದಲ್ಲಿ ತೇಪೆ ಹಾಕಿ ಹೊಲಿದಿತ್ತು. ತಾನು ಕುರುಗೋಡಿನ ಕಮ್ಮಾರ ಎಂದು ದುರುಗಪ್ಪ ಹೇಳಿದ ಮೇಲೆ ಅವಳು ಎಣ್ಣೆಯ ಅರಿವೆಯನ್ನು ಪಕ್ಕಕ್ಕಿಟ್ಟಳು. ಬೈಯಬಹುದು, ಮಣ್ಣು ತೂರಬಹುದು ಎಂದುಕೊಂಡು ಅವನು ನಿಂತಿದ್ದ. ಅವಳು ಕೂತುಕೊಳ್ಳಲು ಹೇಳಿ ನಡೆದದ್ದನ್ನು ತಿಳಿಸಿದಳು.

ಕೊಲೆಯ ಹಿಂದಿನ ದಿನ ಮುಖಕ್ಕೆ ವಸ್ತ್ರ ಸುತ್ತಿದ ನಾಲ್ಕು ಜನ ಕಾಳಿನ ಚೀಲ ಹೊತ್ತುಕೊಂಡು ಹರಿಗೋಲು ನಿಲ್ಲುವ ಕಡವಿಗೆ ಬಂದು, ಆಚೆ ದಂಡೆಗೆ ಮುಟ್ಟಿಸಲು ಹೇಳಿದ್ದರು. ಚೀಲಗಳ ಮೇಲೆ ಮಚ್ಚುಗಳಿದ್ದವು. ಅಲಗು ಕಂಡರೆ ಗುರುತು ನೋಡುವುದು ಜೋಗಪ್ಪನ ಚಾಳಿ. ಒಂದನ್ನು ಎತ್ತಿ, ಅತ್ತ ಇತ್ತ ತಿರುಗಿಸಿ ಕೆಳಗಿಟ್ಟು, ಹರಿಗೋಲು ತೂತಾಗಿದೆ ಎಂದು ಸುಳ್ಳು ಹೇಳಿ ಅವರನ್ನು ಕಳಿಸಿಬಿಟ್ಟ. ಯಾರ ಮನೆಯದೂ ಅಲ್ಲದ ಮಚ್ಚು ಹಿಡಿದವರನ್ನು ಹೊಳೆಯ ನಡುವಿಗೆ ಒಯ್ಯಬಾರದು ಎಂದು ಹೆಂಡತಿಗೆ ಹೇಳಿ, ಆ ಸಂಜೆಯೇ ಅಧಿಕಾರಿಗಳಿಗೂ ಸುದ್ದಿ ಮುಟ್ಟಿಸಿದ. ಮರುದಿನ ಹೊತ್ತು ಮುಳುಗುವ ಮುಂಚೆ ಅವನು ಜನರನ್ನು ಈ ದಂಡೆಗೆ ಇಳಿಸಿ, ಆಚೆ ಉಳಿದವರನ್ನು ಕರೆತರಲು ಖಾಲಿ ಹರಿಗೋಲಿನಲ್ಲಿ ಹೊರಟಿದ್ದ. ನಡುಹೊಳೆಯಲ್ಲಿ ಇನ್ನೊಂದು ಹರಿಗೋಲು ಬಂದು ತಾಕಿತು. ಮಚ್ಚು ಮೇಲೆದ್ದದ್ದನ್ನು ಅವಳು ದಂಡೆಯಿಂದ ಕಂಡಳು. ಗಂಡ ನೀರಿಗೆ ಬಿದ್ದ. ಅವನ ಹರಿಗೋಲು ಸುತ್ತುತ್ತ ಸುತ್ತುತ್ತ ದಂಡೆಗೆ ಬಂದಾಗ ಚರ್ಮದಲ್ಲಿ ಮಚ್ಚು ನೆಟ್ಟಿತ್ತು.

"ನಾನ ಕಿತ್ತು ತಗದೆ, ಅಣ್ಣ," ಎಂದಳು ಸುಂಕಮ್ಮ. "ಹಿಂದಿನ ದಿನ ಅವ ಎತ್ತಿ ನೋಡಿದ್ದ ಮಚ್ಚ ಅದು, ಹಿಡಿಗೆ ಕೆಂಪು ದಾರ ಸುತ್ತಿತ್ತು. ಆಗ ಏನೂ ಇರಲಿಲ್ಲ ಅದರಾಗ. ಸೆರಗಿಲೆ ರಕ್ತ ಒರಸಿದೆ. ಒರಸಿದಂಗ ಒರಸಿದಂಗ ಎದ್ದು ಬಂತು. ಮೊದಲ ಚುಕ್ಕಿ, ಆಮ್ಯಾಲ ಕೊಂಬು."

ದುರುಗಪ್ಪ ತಲೆ ಎತ್ತಲಿಲ್ಲ. ತನ್ನ ಕೈಗಳನ್ನು ತೊಡೆಯ ಕೆಳಗೆ ಬಚ್ಚಿಟ್ಟುಕೊಂಡು ಕೂತಿದ್ದ.

"ಯಾರಿಗೆ ಮಾಡಿ ಕೊಟ್ಟಿ ಅಂತ ನನಗ ಹೇಳಬ್ಯಾಡ," ಎಂದಳು ಅವಳು. "ನನಗ ಹೇಳಿದ್ರ ಏನಾಗತೈತಿ? ಬರಕೊಳ್ಳೋರ ಮುಂದ ಹೇಳು."

ಅವನು ಮನೆಗೆ ಹೋಗಲಿಲ್ಲ. ಸಿರುಗುಪ್ಪದಿಂದ ನೇರ ಬಳ್ಳಾರಿ ಬಸ್ಸು ಹಿಡಿದು, ಕಚೇರಿಯ ಬಾಗಿಲು ತೆರೆಯುವ ಮುಂಚೆಯೇ ಹೋಗಿ ನಿಂತ. ತಿಪ್ಪೇರುದ್ರನ ಹೆಸರು ಹೇಳಿದ, ಹನ್ನೊಂದು ಮಚ್ಚಿನ ಲೆಕ್ಕ ಹೇಳಿದ, ಮೊದಲು ಸುಳ್ಳು ಹೇಳಿದ್ದನ್ನೂ ಹೇಳಿದ. ವಾಸುದೇವರಾಯರು ಎಲ್ಲವನ್ನೂ ಬರೆಯುತ್ತ ಬಂದವರು ಒಂದು ಕಡೆ ಲೇಖನಿ ನಿಲ್ಲಿಸಿದರು.

"ಠಸ್ಸೆ ಹೊಡದಿಲ್ಲ ಅಂತೀ. ಗುರುತು ನಂದು ಅಂತೀ," ಎಂದರು. "ಎರಡೂ ಹ್ಯಾಂಗ ಬರೀಲಪ್ಪಾ? ಸಾಹೇಬರು ಏನಂತಾರ?"

"ಹೊಡದಿದ್ದು ಬಿಟ್ಟಿದ್ದು ಬರೀಬ್ಯಾಡ್ರಿ, ಸ್ವಾಮಿ. ಗುರುತು ನಂದ ಐತಿ. ಅಷ್ಟ ಬರೀರಿ."

ರಾಯರು ಅಷ್ಟನ್ನೇ ಬರೆದರು. ಮತ್ತೆ ಹೆಬ್ಬೆರಳು ಒತ್ತಿಸಿಕೊಂಡರು. ಕಾಗದದ ಮೇಲೆ ಗೆರೆಗಳು ಮೂಡಿದವು, ಸುಳಿಯ ಸಮೇತ. ರಾಯರು ಅದನ್ನು ಬೆಳಕಿಗೆ ಹಿಡಿದು ನೋಡಿ, ಊದಿ ಒಣಗಿಸಿ, ಒಳಗೆ ಹೋಗಿ ಕೈ ತೊಳೆದುಕೊಂಡು ಬಂದರು.

ಉಳಿದ ಹತ್ತು ಮಚ್ಚು ಸಿರುಗುಪ್ಪದ ಹೊರಗಿನ ಒಂದು ಕಾಳಿನ ಉಗ್ರಾಣದಲ್ಲಿ ಸಿಕ್ಕವು. ಹತ್ತರ ಮೇಲೂ ಅದೇ ಗುರುತು ಇತ್ತು. ತಿಪ್ಪೇರುದ್ರನಿಗೂ ಅವನ ನಾಲ್ಕು ಜನರಿಗೂ ಶಿಕ್ಷೆಯಾಯಿತು. ಸುಳ್ಳು ಹೇಳಿಕೆ ಕೊಟ್ಟಿದ್ದಕ್ಕೆ ದುರುಗಪ್ಪನಿಗೂ ಆರು ತಿಂಗಳಾಯಿತು. ಅದನ್ನವನು ತಕರಾರಿಲ್ಲದೆ ಮುಗಿಸಿ ಬಂದ. ಠಸ್ಸೆಯನ್ನು ಸಾಕ್ಷಿಯ ಸಾಮಾನೆಂದು ಸರ್ಕಾರವೇ ಇಟ್ಟುಕೊಂಡಿತು. ಜನರ ಕುಡುಗೋಲುಗಳ ಮೇಲೆ ಗುರುತು ಮರಳಿ ಬರಲಿಲ್ಲ. ಅವನು ಬಾಗಿಲ ಪಟ್ಟಿ, ಚಿಲಕ, ಗಾಲಿ ಹಳಿ ಮಾಡುತ್ತ ಉಳಿದ. ಅಲಗಿನ ಕೆಲಸ ಕೇಳಿ ಬಂದವರನ್ನು ಬೇರೆ ಊರಿಗೆ ಕಳಿಸುತ್ತಿದ್ದ.

ಐವತ್ತೊಂದರ ಬೇಸಿಗೆಯಲ್ಲಿ ಹಂಪಮ್ಮನ ಅಕ್ಕನ ಮಗಳ ಮದುವೆ ಹೊಳೆಯ ಆಚೆ ಗೊತ್ತಾಯಿತು. ಗಂಡ ಹೆಂಡತಿ ಕೆಂಚನಗುಡ್ಡದ ಕಡವಿಗೆ ಬಂದಾಗ ಮಧ್ಯಾಹ್ನ. ಹರಿಗೋಲು ನಡೆಸುತ್ತಿದ್ದವಳು ಸುಂಕಮ್ಮನೇ. ಅವಳು ದುರುಗಪ್ಪನ ಗುರುತು ಹಿಡಿದಳು. ಅವರ ಗಂಟು ತೆಗೆದು ನಡುವೆ ಇಟ್ಟುಕೊಂಡು ಹೊರಟಳು.

ನಡುಹೊಳೆಗೆ ಬಂದಾಗ ಅವಳು ಹುಟ್ಟನ್ನು ಎತ್ತಿ ಮಡಿಲಲ್ಲಿ ಅಡ್ಡ ಇಟ್ಟುಕೊಂಡಳು. ಹುಟ್ಟು ಎತ್ತಿದರೆ ಹರಿಗೋಲು ಬುಗುರಿಯ ಹಾಗೆ ಸುತ್ತುತ್ತ ನೀರಿನ ಸೆಳೆತಕ್ಕೆ ಕೆಳಗೆ ಹೋಗಬೇಕು. ಅದು ಸುತ್ತಲಿಲ್ಲ. ಸೆಳೆತವನ್ನು ಅಡ್ಡ ಸೀಳಿಕೊಂಡು ಆಚೆ ದಂಡೆಯತ್ತ ನೆಟ್ಟಗೆ ನಡೆಯಿತು. ಕೆಳಗೆ, ಚರ್ಮದ ಆಚೆ, ನೀರನ್ನು ಹದವಾಗಿ ಹಿಂದಕ್ಕೆ ತಳ್ಳುವ ಸಪ್ಪಳ ಬರುತ್ತಿತ್ತು. ದುರುಗಪ್ಪ ಹರಿಗೋಲಿನ ಅಂಚು ಹಿಡಿದುಕೊಂಡ.

"ಇಷ್ಟು ನೀರು ಅವಂದು," ಎಂದಳು ಸುಂಕಮ್ಮ ಹಂಪಮ್ಮನಿಗೆ. "ಇಲ್ಲಿ ನಾ ಹುಟ್ಟು ಹಾಕಂಗಿಲ್ಲ."

ಹಂಪಮ್ಮ ಬಾಗಿ ನೀರನ್ನು ಬೊಗಸೆಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಆಚೆ ದಂಡೆ ಹತ್ತಿರವಾದ ಮೇಲೆ ಸುಂಕಮ್ಮ ಮತ್ತೆ ಹುಟ್ಟು ಹಾಕಿದಳು.

ಮದುವೆ ಮುಗಿಸಿ ಮರಳುವಾಗ ದುರುಗಪ್ಪ ಆ ಕಡವಿಗೆ ಬರಲಿಲ್ಲ. ಎರಡು ಹರದಾರಿ ಸುತ್ತಿ ಬೇರೆ ಹರಿಗೋಲು ಹಿಡಿದ. ಹಂಪಮ್ಮ ಸುಂಕಮ್ಮನ ಹರಿಗೋಲಿನಲ್ಲೇ ಬಂದು, ಈಚೆ ದಂಡೆಯ ಜಾಲಿ ನೆರಳಿನಲ್ಲಿ ಗಂಡನ ದಾರಿ ಕಾಯುತ್ತ ಕೂತಿದ್ದಳು.