ಕತ್ತರಿ ಬೇಡದ ಗುಲಾಬಿ

ಬೆರಳಿನ ಗೆಣ್ಣುಗಳು ಬಾತು ಕತ್ತರಿ ಹಿಡಿಯುವುದು ಅವಳಿಂದ ಆಗದೆ ಹೋದ ಮೇಲೆ ಅಂಗಳದ ಗುಲಾಬಿಗಳೂ ಒಂದೊಂದಾಗಿ ಕೈಕೊಟ್ಟವು. ಅವೇನು ಸಾಮಾನ್ಯ ಗಿಡಗಳೇ? ಬಿಸಿಲು ಜಾಸ್ತಿಯಾದರೆ ಮುನಿಸು, ನೀರು ಜಾಸ್ತಿಯಾದರೆ ಜ್ವರ, ಎಲೆಗೆ ಕಪ್ಪು ಚುಕ್ಕೆ, ಮೊಗ್ಗಿಗೆ ಹೇನು. ಮದುವೆಯಾಗಿ ಬಂದಾಗಿನಿಂದ ಆ ಮಹಾರಾಣಿಯರ ಸೇವೆಯನ್ನು ಅವಳು ತಲೆಯ ಮೇಲೆ ಹೊತ್ತಿದ್ದಳು. ಬೀದಿಯವರೆಲ್ಲ ಅವಳನ್ನು ಗುಲಾಬಿಯಕ್ಕ ಎಂದೇ ಕರೆಯುತ್ತಿದ್ದರು. ಈಗ ಯಾರಾದರೂ ಹಾಗೆ ಕರೆದರೆ ಅವಳಿಗೆ ಎದೆ ಚುಳ್ಳೆನ್ನುತ್ತಿತ್ತು.

ಗಂಡ ಗಡಿಯಾರ ರಿಪೇರಿಯವನು. ಮಾತು ಕಡಿಮೆ. ಒಂದು ಬೆಳಿಗ್ಗೆ ಅಂಗಡಿಗೆ ರಜ ಹಾಕಿ ಅವಳನ್ನು ನರ್ಸರಿಗೆ ಕರೆದುಕೊಂಡು ಹೋದ.

"ಇದು ಪೊದೆ ಗುಲಾಬಿ," ಎಂದಳು ನರ್ಸರಿಯವಳು. "ಔಷಧಿ ಬೇಡ, ಕತ್ತರಿ ಬೇಡ. ಬೇರು ಹಿಡಿಯೋವರೆಗೆ ನೀರು ಹಾಕಿ, ಆಮೇಲೆ ಮರೆತುಬಿಡಿ."

"ಏನೂ ಮಾಡೋದು ಬೇಡ, ಅಲ್ವಾ?" ಎಂದು ಅವನು ಮತ್ತೆ ಮತ್ತೆ ಕೇಳಿದ. ಲಾಟರಿ ಹೊಡೆದವನ ಹಾಗೆ ಅವನ ಮುಖ ಅರಳಿತ್ತು. ಮೈತುಂಬ ಹೂ ಬಿಟ್ಟಿದ್ದ ಗಿಡವನ್ನೇ ಎತ್ತಿಕೊಳ್ಳಲು ಹೊರಟ.

ಅವಳಿಗೆ ಸುಮ್ಮನಿರಲು ಆಗಲಿಲ್ಲ. "ಹೂವಿಗೆ ಮರುಳಾಗ್ಬೇಡಿ, ಬುಡ ನೋಡಿ. ಆ ಮೂಲೇಲಿರೋದು ತಗೊಳ್ಳಿ, ಬುಡದಿಂದ ಎಷ್ಟು ಚಿಗುರು ಬಂದಿದೆ." ಅವನು ಅದನ್ನೇ ಎತ್ತಿಕೊಂಡ. ಮನೆಯ ದಾರಿಯುದ್ದಕ್ಕೂ ಅವಳಿಗೆ ಒಂದೇ ಯೋಚನೆ. ಯಾರೂ ನೋಡಿಕೊಳ್ಳಬೇಕಾಗಿಲ್ಲದ ಗಿಡ ತಂದರೆ ಇನ್ನು ತಾನು ಯಾತಕ್ಕೆ?

ಮನೆಗೆ ಬಂದದ್ದೇ ಅವನು ಕುಂಡದ ಅಳತೆ ತೆಗೆದು ಗುಂಡಿ ತೋಡಿದ. ಮಣ್ಣುಸಮೇತ ಬೇರಿನ ಮುದ್ದೆಯನ್ನು ಇಳಿಸಿದರೆ ಡಬ್ಬಿಗೆ ಮುಚ್ಚಳ ಕೂತಂತೆ ಕೂತಿತು. "ನೋಡು, ಒಂದು ಕೂದಲು ತೂರೋಷ್ಟೂ ಜಾಗ ಇಲ್ಲ," ಎಂದು ಬೀಗಿದ.

ಮೆಟ್ಟಿಲ ಮೇಲೆ ಮುಖ ಊದಿಸಿಕೊಂಡು ಕೂತಿದ್ದವಳು ಹಣೆ ಚಚ್ಚಿಕೊಂಡಳು. "ಗಡಿಯಾರಕ್ಕೆ ಚಕ್ರ ಕೂರಿಸ್ತಿದ್ದೀರಾ? ಪಾಪ, ಅದು ಕಾಲು ಚಾಚೋದು ಬೇಡ್ವಾ? ಎರಡರಷ್ಟು ಅಗಲ ತೋಡಿ."

ಅವನು ಪೆಚ್ಚಾಗಿ ಮತ್ತೆ ತೋಡಿದ. ಸುತ್ತಿಕೊಂಡಿದ್ದ ಬೇರುಗಳನ್ನು ಅವಳು ಹೇಳಿದಂತೆ ಮೆಲ್ಲಗೆ ಬಿಡಿಸಿದ, ಗೊಬ್ಬರ ಬೆರೆಸಿದ ಮಣ್ಣು ತುಂಬಿದ. ಅವಳು ಎದ್ದು ಬಂದು ಹಿಮ್ಮಡಿಯಿಂದ ಬುಡದ ಸುತ್ತ ಮಣ್ಣು ಒತ್ತಿದಳು. ಕೈ ಹೋಗಿದ್ದರೂ ಕಾಲು ಇನ್ನೂ ಮಾತು ಕೇಳುತ್ತಿತ್ತು. ಅವನು ನೀರು ಹೊಯ್ದ. ಕೆಲಸ ಮುಗಿಯಿತು ಎನ್ನುವಾಗ ಅವಳು ಅವನ ಕಡೆ ತಿರುಗಿದಳು.

"ನಾನು ಯಾರಿಗೂ ಬೇಡ ಅಂತ ಗೊತ್ತಾಗ್ಲಿ ಅಂತಾನೇ ತಂದ್ರಾ ಇದನ್ನ?"

ಅವನು ಕೈಯ ಮಣ್ಣು ಕೊಡವಿಕೊಂಡ. "ನೀನು ಬೇಡದ ಗಿಡಾನ ಬೇಕಂತಲೇ ಹುಡುಕಿದೆ," ಎಂದ. "ಮದುವೆ ಆದಾಗಿನಿಂದ ಬೆಳಗಿನ ಕಾಫಿ ಒಬ್ಬನೇ ಕುಡಿದಿದ್ದೀನಿ. ನೀನು ಕತ್ತರಿ ಹಿಡ್ಕೊಂಡು ಅಲ್ಲಿ, ನಾನು ಲೋಟ ಹಿಡ್ಕೊಂಡು ಇಲ್ಲಿ. ಗಿಡಗಳ ಮೇಲೆ ಹೊಟ್ಟೆಕಿಚ್ಚು ಅಂದ್ರೆ ಯಾರಾದ್ರೂ ನಗಲ್ವಾ?"

ಅವಳಿಗೆ ನಗು ಬರಲಿಲ್ಲ. "ಒಂದು ದಿನಾನಾದ್ರೂ ಬಾಯಿಬಿಟ್ಟು ಹೇಳಬಾರದಿತ್ತಾ?"

"ನೀನಿಲ್ದೆ ಅವು ಬದುಕ್ತಿರಲಿಲ್ಲ. ನಾನು ಹೇಗೋ ಬದುಕ್ತಿದ್ದೆ. ಅದಕ್ಕೆ ಸುಮ್ನಿದ್ದೆ."

ಇಷ್ಟು ವರ್ಷ ಎಲೆಯ ಹಿಂದಿನ ಹುಳ ಕಂಡಿತ್ತು, ಇದು ಕಂಡಿರಲಿಲ್ಲವಲ್ಲ ಎಂದು ಅವಳು ಒಳಗೊಳಗೇ ನೊಂದಳು. ಅವನ ಮೇಲೆ ಹೊಳೆಯಷ್ಟು ಪ್ರೀತಿಯೂ ಉಕ್ಕಿತು. ಬಾಯಲ್ಲಿ ಮಾತ್ರ, "ಹೋಗಿ, ಕೈ ತೊಳ್ಕೊಳ್ಳಿ," ಎಂದಳು.

ಮರುದಿನ ಬೆಳಿಗ್ಗೆ ಅವಳು ಅಂಗಳಕ್ಕೆ ಇಳಿಯಲಿಲ್ಲ. ಮೆಟ್ಟಿಲ ಮೇಲೆ ಕೂತಳು. ಅವನು ಒಳಗಿನಿಂದ ಬಂದ. ಕೈಯಲ್ಲಿ ಅಭ್ಯಾಸಬಲದಿಂದ ಒಂದೇ ಲೋಟ. ಅವಳನ್ನು ಕಂಡು ನಾಲಿಗೆ ಕಚ್ಚಿಕೊಂಡ.

ಅವಳು ಆ ಲೋಟವನ್ನು ಎರಡೂ ಅಂಗೈಗಳ ನಡುವೆ ಇಸಿದುಕೊಂಡಳು.

"ನಿಮಗೆ ಇನ್ನೊಂದು ಮಾಡ್ಕೊಂಡು ಬನ್ನಿ," ಎಂದಳು. "ನಾನು ಇಲ್ಲೇ ಕೂತಿರ್ತೀನಿ."