ಏಕವಚನ ಬೇಡಿದವಳು

ದೂರದ ದಾರಿಗೆ ಹೊರಟವರು ದೇವರಲ್ಲಿ ಏನೇನೋ ಕೇಳಿಕೊಳ್ಳುತ್ತಾರೆ. ಗಾಡಿ ಕೈಕೊಡದಿರಲಿ, ಮಳೆ ಬಾರದಿರಲಿ, ಮನೆಗೆ ಹಾಕಿದ ಬೀಗ ಹಾಗೆಯೇ ಇರಲಿ ಎಂದು. ಈ ತಂಗಿ ಕೇಳಿಕೊಂಡದ್ದು ಬೇರೆ. ವ್ಯಾನಿನ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತು, 'ದೇವರೇ, ತಿರುಗಿ ಮನೆ ಸೇರುವುದರೊಳಗೆ ಅಣ್ಣನ ಬಾಯಿಂದ ನನಗೊಂದು ಏಕವಚನ ಕೊಡಿಸು. ನಿನ್ನನ್ನೇ ನಾವೆಲ್ಲ ನೀನು ಅನ್ನುತ್ತೇವೆ, ಅದರ ರುಚಿ ನಿನಗೆ ಗೊತ್ತು' ಎಂದಳು.

ಅಣ್ಣ ಶಾಲೆಯ ಮಕ್ಕಳನ್ನು ಕರೆದೊಯ್ಯುವ ವ್ಯಾನಿನ ಡ್ರೈವರು. ತಂಗಿ ಬಟ್ಟೆ ಹೊಲಿಯುವವಳು. ಚಿಕ್ಕಂದಿನಲ್ಲಿ ಅವಳು ಮರ ಕಂಡರೆ ಹತ್ತುತ್ತಿದ್ದಳು, ಅವನು ಕೆಳಗೆ ನಿಂತು ಎರಡೂ ಕೈ ಚಾಚಿ, "ಏ ಕೋತಿ, ಇಳಿಯೇ!" ಎಂದು ಕೂಗುತ್ತಿದ್ದ. ಮದುವೆಯಾಗಿ ಅವಳ ತಲೆ ನರೆಯಲು ಶುರುವಾದ ಮೇಲೂ ಆ ಹೆಸರು ಉಳಿದಿತ್ತು. ಹೋದದ್ದು ಅಮ್ಮ ತೀರಿಕೊಂಡ ದಿನ.

ಅಂದು ಅಣ್ಣ ಬಾಗಿಲಿಗೆ ಬರುವ ಹೊತ್ತಿಗೆ ಅಮ್ಮನ ಉಸಿರು ನಿಂತಿತ್ತು. ತಂಗಿ ಕೂತಲ್ಲಿಂದಲೇ, ಮನೆ ತುಂಬಿದ ಜನರೆದುರಿಗೆ, "ಬನ್ನಿ, ತಮಗೆ ಈಗ ಬಿಡುವಾಯ್ತೇನು?" ಎಂದುಬಿಟ್ಟಳು. ಸುದ್ದಿ ತಲುಪಿದಾಗ ವ್ಯಾನಿನ ತುಂಬ ಮಕ್ಕಳಿದ್ದರು, ಒಬ್ಬೊಬ್ಬರನ್ನೂ ಅವರವರ ಮನೆ ಬಾಗಿಲಲ್ಲಿ ಇಳಿಸಿ ಬರಬೇಕಾಯಿತು ಎಂಬುದನ್ನು ಆಮೇಲೆ ಅತ್ತಿಗೆ ಹೇಳಿದಳು. ಅಣ್ಣ ತಾನಾಗಿ ಹೇಳಲಿಲ್ಲ. ಜಗಳವಾಡಲಿಲ್ಲ, ಮಾತೂ ಬಿಡಲಿಲ್ಲ. ಅವಳು ಎಸೆದ ಬಹುವಚನವನ್ನು ಎತ್ತಿಕೊಂಡು ಜೋಪಾನವಾಗಿ ಇಟ್ಟುಕೊಂಡ. ಅಂದಿನಿಂದ ಕೋತಿ ಹೋಗಿ 'ನೀವು' ಆಯಿತು.

"ತಪ್ಪಾಯ್ತಣ್ಣ" ಎಂದು ಅವಳು ಒಮ್ಮೆ ಕಾಲು ಹಿಡಿಯಲು ಹೋದದ್ದೂ ಉಂಟು.

"ಅಯ್ಯೋ, ಏಳಿ ಏಳಿ. ನೀವು ಹಾಗೆಲ್ಲ ಮಾಡಬಾರದು" ಎಂದಿದ್ದ. ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಶಾಲೆಗೆ ರಜೆ ಬಂದಾಗ ಅತ್ತಿಗೆ ಈ ಪ್ರವಾಸ ಹೂಡಿದಳು. ಬೆಟ್ಟ ದಾಟಿ, ಸಮುದ್ರ ನೋಡಿ, ಕೊನೆಗೆ ಮಹಾನಗರದಲ್ಲಿ ಒಂದು ದಿನ ಸುತ್ತಾಡಿ ವಾಪಸು. ವ್ಯಾನಿನ ಹಿಂದಿನ ಬಾಗಿಲು ಮೊದಲಿನಿಂದಲೂ ಸ್ವಲ್ಪ ಮೊಂಡು. ಜೋರಾಗಿ ಎಳೆಯದಿದ್ದರೆ ಕೂರುತ್ತಿರಲಿಲ್ಲ. ಪ್ರತಿ ಸಲ ಹೊರಡುವಾಗ ಅಣ್ಣ ಕನ್ನಡಿಯಲ್ಲಿ ನೋಡುತ್ತ, "ಬಾಗಿಲು ಸರಿಯಾಗಿ ಹಾಕಿಕೊಂಡ್ರಾ?" ಎಂದು ಕೇಳುತ್ತಿದ್ದ.

ಅತ್ತಿಗೆ ಹಿಂದಕ್ಕೆ ತಿರುಗಿ, "ನೋಡಮ್ಮ, ಮದುವೆಯಾದಾಗಿನಿಂದ ನನ್ನನ್ನ 'ಏ ಇವಳೇ' ಅಂತಾರೆ. ನಿನಗೆ ಮಾತ್ರ ರಾಣಿ ಮರ್ಯಾದೆ. ಬೇಕಾದ್ರೆ ಅದಲು ಬದಲು ಮಾಡ್ಕೊಳ್ಳೋಣ" ಎಂದಳು.

"ಸುಮ್ನೆ ಕೂತ್ಕೋ" ಎಂದ ಅಣ್ಣ.

"ಕೇಳಿಸ್ತಾ? ನನಗೆ ಬಂದಿದ್ದು ಅದು!"

ತಂಗಿ ನಕ್ಕಳು. ನಗುವಾಗಲೂ ಒಳಗೆ ಅಸೂಯೆಯಾಯಿತು.

ಬೆಟ್ಟ ಹಿಂದಾಯಿತು, ಸಮುದ್ರವೂ ಹಿಂದಾಯಿತು. ನಗರ ಬಂತು. ಸೇತುವೆಯ ಮೇಲೆ ಸೇತುವೆ, ಅದರ ಮೇಲೊಂದು ರೈಲು. ಅತ್ತಿಗೆ ಬಾಯಿ ಬಿಟ್ಟು ನೋಡಿದರೆ, ತಂಗಿ ಕೈಮುಗಿದು ನೋಡಿದಳು. ಇಷ್ಟು ಜನಕ್ಕೂ ಬೆಳಗಾಗುವಷ್ಟರಲ್ಲಿ ಹಾಲು ಮುಟ್ಟಿದೆಯಲ್ಲ, ಇಷ್ಟು ಉದ್ದದ ರಸ್ತೆಯನ್ನು ಯಾರೋ ಗುಡಿಸಿ ಹೋಗಿದ್ದಾರಲ್ಲ ಎಂದು ಅವಳಿಗೆ ಸೋಜಿಗ. ಕಾಣದ ಆ ಕೈಗಳಿಗೆಲ್ಲ ಕೂತಲ್ಲೇ ನಮಸ್ಕಾರ ಹೇಳಿದಳು.

ಅರಮನೆ ನೋಡಿದರು. ಕೆರೆಯ ಹತ್ತಿರ ಅಣ್ಣ, "ನೀವಿಬ್ಬರೂ ದೋಣೀಲಿ ಹೋಗಿ ಬನ್ನಿ" ಎಂದ. ಅತ್ತಿಗೆ ಪಕ್ಕದಲ್ಲಿದ್ದರೆ ಆ ಮಾತು ಚುಚ್ಚುತ್ತಿರಲಿಲ್ಲ; ಇಬ್ಬರಿಗೂ ಸೇರಿಸಿ ಹೇಳಿದ್ದು ಎಂದುಕೊಳ್ಳಬಹುದಿತ್ತು. ಅದಕ್ಕೇ ಅವಳು ದಿನವಿಡೀ ಅತ್ತಿಗೆಯ ಸೆರಗು ಬಿಡಲಿಲ್ಲ. ಆದರೆ ಬಿಸಿಲು ಇಳಿಯುತ್ತ ಬಂದಿತ್ತು. ನೋಡುವುದು ಇನ್ನೊಂದೇ ಬಾಕಿ: ಊರ ನಡುವಿನ ಎತ್ತರದ ಗೋಪುರ. ಅದಾದರೆ ಮನೆಯ ದಾರಿ, ಆಮೇಲೆ ಅವರವರ ಬಾಗಿಲು.

ಲಿಫ್ಟು ಅವರನ್ನು ಮೋಡದ ಪಕ್ಕಕ್ಕೆ ಒಯ್ದು ಬಿಟ್ಟಿತು. ಮೇಲಿನ ಅಂತಸ್ತಿನಲ್ಲಿ ಒಂದು ಕಡೆ ನೆಲವೇ ಗಾಜು; ಇಣುಕಿದರೆ ನೇರ ಕೆಳಗೆ ರಸ್ತೆ.

"ಹೆದರಬೇಡಿ, ಆನೆ ನಿಂತ್ರೂ ಏನೂ ಆಗಲ್ಲ" ಎಂದಳು ಅಲ್ಲಿನ ಕಾವಲುಗಾರ್ತಿ.

"ಹಾಗಾದ್ರೆ ನನಗೂ ಜಾಗ ಇದೆ" ಎಂದಳು ಅತ್ತಿಗೆ. ಎಂದಳೇ ಹೊರತು ಹೆಜ್ಜೆ ಇಡಲಿಲ್ಲ.

ಘಾಟಿಯ ತಿರುವುಗಳಲ್ಲಿ ಗುನುಗಿಕೊಂಡು ವ್ಯಾನ್ ಓಡಿಸಿದ ಅಣ್ಣ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದ. "ಚಕ್ರ ಇಲ್ಲದ ಎತ್ತರ ನನಗೆ ಆಗಿಬರಲ್ಲ" ಎಂದು ಗೊಣಗಿದ.

ತಂಗಿ ಚಪ್ಪಲಿ ಕಳಚಿಟ್ಟು ಗಾಜಿನ ಮೇಲೆ ನಡೆದಳು. ಕೆಳಗೆ ನಗರ ಹರಡಿಕೊಂಡಿತ್ತು, ಸುಣ್ಣದ ಕಡ್ಡಿಯಿಂದ ಗೆರೆ ಎಳೆದು ಕತ್ತರಿಸಲು ಹಾಸಿಟ್ಟ ಬಟ್ಟೆಯ ಹಾಗೆ. ಎಷ್ಟು ಅಳತೆಯ ಬಟ್ಟೆ ಇದು, ಯಾರ ಮೈಗೆ ಹೊಲಿಯುತ್ತಿದ್ದೀಯೋ ತಂದೇ, ಎಂದುಕೊಂಡಳು. ಅಷ್ಟರಲ್ಲಿ ಬೇಡಿಕೆಯೂ ಮರೆತಿತ್ತು, ವಯಸ್ಸೂ ಮರೆತಿತ್ತು. ಮಂಡಿಯೂರಿ, ಕೈ ಊರಿ, ಮೂಗು ಗಾಜಿಗೆ ತಾಗುವಷ್ಟು ಬಗ್ಗಿದಳು.

"ಅಣ್ಣಾ! ನಮ್ಮ ವ್ಯಾನ್ ಕಾಣ್ತಿದೆ! ಷರಟಿನ ಗುಂಡಿ ಹಾಗಿದೆ ನೋಡು!"

"ಏ ಕೋತಿ!" ಅಣ್ಣನ ಕೂಗಿಗೆ ಅಲ್ಲಿದ್ದವರೆಲ್ಲ ತಿರುಗಿದರು. "ಬಾರೇ ಈಚೆಗೆ! ಬಿದ್ದುಹೋಗ್ತೀಯ!"

ಗೋಡೆ ಬಿಟ್ಟು ಬಂದು, ಗಾಜಿನ ಅಂಚಿನಲ್ಲಿ ಎರಡೂ ಕೈ ಚಾಚಿ ನಿಂತಿದ್ದ. ಯಾರೋ ನಕ್ಕರು. ಅತ್ತಿಗೆ ಬಾಯಿಗೆ ಸೆರಗು ಒತ್ತಿಕೊಂಡಳು. ಆಗ ಅವನಿಗೆ ತನ್ನ ಬಾಯಿಂದ ಬಂದದ್ದು ಕೇಳಿಸಿತು.

"ಅಲ್ಲ... ನೀ..." ಎಂದು ತಡೆದ.

ಅಲ್ಲಿಂದ ಮಾತು ಎತ್ತಲಾದರೂ ಹೋಗಬಹುದಿತ್ತು. ತಂಗಿ ಏಳಲಿಲ್ಲ. ಇಡೀ ನಗರವನ್ನು ಮಂಡಿಯ ಕೆಳಗಿಟ್ಟುಕೊಂಡು ಅವನ ಬಾಯನ್ನೇ ನೋಡಿದಳು.

"ನೀನು ಬರ್ತೀಯೋ, ನಾನೇ ಬರಲೋ?" ಎಂದ ಅಣ್ಣ.

"ನೀನೇ ಬಾ."

ಅವನು ಕಣ್ಣು ಮುಚ್ಚಿ ಒಂದು ಕಾಲಿಟ್ಟ. ಇನ್ನೊಂದೂ ಇಟ್ಟ. ಅವಳು ಎದ್ದು ಕೈ ಹಿಡಿದುಕೊಂಡಳು. ಅಂಗೈ ಬೆವೆತಿತ್ತು.

ಕಣ್ಣು ತೆರೆಯದೆಯೇ ಹೇಳಿದ: "ಅವತ್ತು ವ್ಯಾನಲ್ಲಿ ಮಕ್ಕಳಿದ್ರು ಕಣೇ."

"ಗೊತ್ತಣ್ಣ."

"ಕೊನೇ ಮಗುವಿನ ಮನೆಗೆ ಬೀಗ ಹಾಕಿತ್ತು. ಅದರಮ್ಮ ಬರೋ ತನಕ ಬಾಗಿಲಲ್ಲಿ ನಿಂತಿದ್ದೆ. ಬಿಟ್ಟು ಬರೋಕೆ ಆಗಲಿಲ್ಲ."

ಇದು ಅತ್ತಿಗೆಗೂ ಗೊತ್ತಿರಲಿಲ್ಲ. ತಂಗಿ ಅವನ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. "ಬಿಟ್ಟು ಬಂದಿದ್ರೆ ಅಮ್ಮ ನಿನ್ನ ಮುಖ ನೋಡ್ತಿರಲಿಲ್ಲ" ಎಂದಳು.

ಅಣ್ಣ ತಲೆಯಾಡಿಸಿದ. ರೆಪ್ಪೆಯಂಚಿನಿಂದ ನೀರು ಇಳಿಯಿತು. ಒರೆಸಿಕೊಳ್ಳಲು ಕೈ ಬಿಡಬೇಕಿತ್ತು, ಬಿಡಲಿಲ್ಲ.

"ಅಣ್ಣ ತಂಗಿ ಅತ್ತು ಅತ್ತು ಗಾಜು ಜಾರೋ ಹಾಗೆ ಮಾಡಬೇಡಿ, ಇಳೀರಿ ಇನ್ನು" ಎಂದಳು ಅತ್ತಿಗೆ. ಅವಳ ದನಿಯೂ ಸರಿಯಿರಲಿಲ್ಲ.

ಕೆಳಗೆ ಬಂದಾಗ ಬೀದಿದೀಪಗಳು ಹತ್ತಿದ್ದವು. ತಂಗಿ ವ್ಯಾನು ಹತ್ತುವ ಮುನ್ನ ಗೋಪುರದತ್ತ ತಿರುಗಿ ಕೈಮುಗಿದಳು. ಅದನ್ನು ಕಟ್ಟಿದವರಿಗೆ, ಅದಕ್ಕೆ ಗಾಜು ಕೂರಿಸಿದವರಿಗೆ, ಕೇಳಿದ್ದನ್ನು ಕೊನೆಯ ಗಳಿಗೆಯಲ್ಲಿ ಮೇಲಕ್ಕೆ ಕರೆಸಿ ಕೊಟ್ಟವನಿಗೆ.

ಅಣ್ಣ ಕನ್ನಡಿ ಸರಿಮಾಡಿಕೊಂಡ. "ಏ ಕೋತಿ, ಬಾಗಿಲು ಸರಿಯಾಗಿ ಹಾಕು" ಎಂದ.

ಅವಳು ಬಾಗಿಲನ್ನು ಮೆತ್ತಗೆ ಎಳೆದು, ಬೇಕೆಂದೇ ಅರ್ಧಕ್ಕೆ ಬಿಟ್ಟು, ಇನ್ನೊಂದು ಸಲ ಬೈಸಿಕೊಳ್ಳಲು ಕಾದು ಕೂತಳು.